ಪೈಥಾನ್‌ನಿಂದ ಹಳೇ ಮಾಡ್ಯೂಲ್‌ಗಳನ್ನು ಕಿತ್ತು ಹಾಕಿದ್ದು ಸರಿಯಾ? ನಿಮ್ಮ ಅಭಿಪ್ರಾಯ ಹೇಳಿ

ನೀರ್ಚಾಲು ಕೇಬಲ್

ಎಲ್ರಿಗೂ ನಮಸ್ಕಾರ. ನಾನು ಬದಿಯಡ್ಕ ಹತ್ರ ಒಂದು ಲೋಕಲ್ ಕೇಬಲ್, ಬ್ರಾಡ್‌ಬ್ಯಾಂಡ್ ಆಫೀಸಲ್ಲಿ ನೆಟ್‌ವರ್ಕ್ ನೋಡ್ಕೊಳ್ಳುವವ. ನಮ್ಮಲ್ಲಿರುವ ಓಎಲ್‌ಟಿಗಳು (ಮನೆ ಮನೆಯ ಫೈಬರ್ ಬಂದು ಸೇರುವ ಆಫೀಸಿನ ಪೆಟ್ಟಿಗೆಗಳು) ಹಳೇವು, ಒಳಗೆ ಹೋಗ್ಲಿಕ್ಕೆ ಟೆಲ್‌ನೆಟ್ (ದೂರದಿಂದ ಲಾಗಿನ್ ಆಗುವ ಹಳೇ ವಿಧಾನ) ಬಿಟ್ರೆ ಬೇರೆ ದಾರಿ ಇಲ್ಲ. ಮಳೆಗಾಲದಲ್ಲಿ ಗೆಲ್ಲು ಬಿದ್ದು ಫೈಬರ್ ತುಂಡಾದ್ರೆ ಯಾವ ಯಾವ ಮನೆಯ ಸಿಗ್ನಲ್ ಹೋಗಿದೆ ಅಂತ ಒಂದು ಪೈಥಾನ್ ಸ್ಕ್ರಿಪ್ಟ್ ಹೇಳ್ತದೆ, ನಂಗಿಂತ ಮುಂಚೆ ಇದ್ದವರು ಬರೆದು ಹೋದದ್ದು, ಅದು ಅಷ್ಟು ವರ್ಷ ಒಂದು ಸಲವೂ ತೊಂದ್ರೆ ಕೊಟ್ಟದ್ದಿಲ್ಲ. ಮೊನ್ನೆ ಸರ್ವರಿನ ಲಿನಕ್ಸನ್ನು ಡೆಬಿಯನ್ 12ರಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದ್ವಿ, ಸ್ಕ್ರಿಪ್ಟ್ ಮೊದಲನೇ ಸಾಲಲ್ಲೇ ನಿಂತಿತು. ಟೆಲ್‌ನೆಟ್‌ಲಿಬ್ ಅನ್ನುವ ಮಾಡ್ಯೂಲೇ (ಟೆಲ್‌ನೆಟ್ ಕೆಲಸಕ್ಕೆ ಪೈಥಾನ್ ಜೊತೆಗೇ ಬರ್ತಿದ್ದ ಸಿದ್ಧ ಕೋಡ್) ಇಲ್ಲ ಅಂತ.

ಹುಡುಕಿದಾಗ ಗೊತ್ತಾದದ್ದು ಇಷ್ಟು. ಪೆಪ್ 594 ಅಂತ ಒಂದು ಪ್ರಸ್ತಾಪ, ಕ್ರಿಶ್ಚಿಯನ್ ಹೈಮ್ಸ್ 2019ರಲ್ಲಿ ಮುಂದಿಟ್ಟದ್ದು, ಆಮೇಲೆ ಬ್ರೆಟ್ ಕ್ಯಾನನ್ ಸೇರಿಕೊಂಡ್ರು, 2022ರಲ್ಲಿ ಒಪ್ಪಿಗೆ ಆಯ್ತು, ಪೈಥಾನ್ 3.11ರಲ್ಲಿ ಡೆಪ್ರಿಕೇಟ್ ಮಾಡಿದ್ರು (ಇನ್ನು ಬಳಸ್ಬೇಡಿ ಅಂತ ಗುರುತು ಹಾಕಿದ್ರು), 2024 ಅಕ್ಟೋಬರಿನ 3.13ರಲ್ಲಿ ತೆಗೆದೇ ಬಿಟ್ರು. ಒಟ್ಟು 19 ಮಾಡ್ಯೂಲ್. ಸಿಜಿಐ, ಕ್ರಿಪ್ಟ್, ಆಡಿಯೋಆಪ್, ಎನ್‌ಎನ್‌ಟಿಪಿಲಿಬ್, ಟೆಲ್‌ನೆಟ್‌ಲಿಬ್, ಪೈಪ್ಸ್, ಯುಯು, ಹೀಗೆ.

ಈಗಕ್ಕೆ 3.10ರ ಟೆಲ್‌ನೆಟ್‌ಲಿಬ್ ಫೈಲನ್ನೇ ತಂದು ಸ್ಕ್ರಿಪ್ಟಿನ ಪಕ್ಕ ಇಟ್ಟಿದ್ದೇನೆ, ಅದು ಪೂರ್ತಿ ಪೈಥಾನಲ್ಲೇ ಬರೆದದ್ದು, ಲೈಸೆನ್ಸಿಗೂ ತೊಂದ್ರೆ ಇಲ್ಲ, ಕೆಲಸ ಆಗ್ತಾ ಉಂಟು. ಹಾಗಾಗಿ ನಂಗೆ ಪರಿಹಾರ ಬೇಡ. ನನ್ನ ಪ್ರಶ್ನೆ ಬೇರೆ. ಸರಿಯಾಗಿ ನಡೀತಾ ಇದ್ದ ಒಂದು ವಸ್ತುವನ್ನು ತೆಗೀಲಿಕ್ಕೆ ಹೊರಟವರು ಅದನ್ನು ಬಳಸುವವನಿಗೆ ಹೇಳಿದ್ದಾರಾ? ಹೇಳಿದ್ದಾರೆ ಅಂತಾರೆ, ವಾರ್ನಿಂಗ್ ಇತ್ತು ಅಂತಾರೆ. ಆದ್ರೆ ಡೆಪ್ರಿಕೇಶನ್ ವಾರ್ನಿಂಗ್ ಡೀಫಾಲ್ಟಾಗಿ ಕಾಣುವುದೇ ಇಲ್ಲ ಮಾರಾಯ್ರೇ! ನೇರ ಓಡಿಸುವ ಮುಖ್ಯ ಫೈಲಲ್ಲಿ ಇದ್ರೆ ಮಾತ್ರ ತೋರಿಸ್ತದೆ, ಅದೂ 3.7ರಿಂದ ಈಚೆಗೆ. ನಮ್ಮ ಸ್ಕ್ರಿಪ್ಟಲ್ಲಿ ಅದು ಇನ್ನೊಂದು ಹೆಲ್ಪರ್ ಫೈಲ್ ಒಳಗೆ ಇಂಪೋರ್ಟ್ ಆಗ್ತಿತ್ತು, ಹಾಗಾಗಿ ಎರಡು ವರ್ಷ ಪೈಥಾನ್ 3.11ರಲ್ಲಿ ಓಡಿದ್ರೂ ಒಂದು ಅಕ್ಷರ ಪ್ರಿಂಟ್ ಆಗ್ಲಿಲ್ಲ. ಕಾಸರಗೋಡಿನವರಿಗೆ ಇದು ಚಂದ ಅರ್ಥ ಆಗ್ತದೆ, ನೋಟೀಸು ಹಾಕಿದ್ದೇವೆ ಅಂತಾರೆ, ಹಾಕಿದ್ದು ಹೌದು, ಮಲಯಾಳದಲ್ಲಿ ಮಾತ್ರ, ನಮ್ಮ ಅಜ್ಜಿಗೆ ಓದ್ಲಿಕ್ಕೆ ಬಾರದ ಲಿಪಿಯಲ್ಲಿ.

ತೆಗೆಯುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕಾಣದ ಹಾಗೆ ಎಚ್ಚರಿಕೆ ಕೊಟ್ಟು ತೆಗೆಯುವುದು ತಪ್ಪು ಅಂತ ಹೇಳುವುದು.

ಮಂಜೇಶ್ವರ ಟು ಬೆಂಗಳೂರು

ಅಣ್ಣ, ನಿಮ್ಮ ಬೇಜಾರು ಅರ್ಥ ಆಗ್ತದೆ, ಆದ್ರೆ ಆ ಕಡೆಯದ್ದೂ ಸ್ವಲ್ಪ ಹೇಳ್ತೇನೆ. ನಾನು ಒಂದು ಓಪನ್ ಸೋರ್ಸ್ ಪ್ಯಾಕೇಜ್ ಮೇಂಟೇನ್ ಮಾಡ್ತೇನೆ, ಸಣ್ಣದೇ, ಆದ್ರೂ ಹಳೇ ಕೋಡ್ ಇಟ್ಕೊಳ್ಳುವುದಕ್ಕೆ ಎಂತ ಖರ್ಚಾಗ್ತದೆ ಅಂತ ಅದರಿಂದ ಗೊತ್ತಾಯ್ತು.

ಜನ ತಿಳ್ಕೊಳ್ಳುವುದು ಹೇಗೆ ಅಂದ್ರೆ, ಅದು ಅಲ್ಲಿ ಸುಮ್ನೆ ಬಿದ್ದಿರ್ತದೆ, ಅದರಿಂದ ಯಾರಿಗೆ ಏನು ನಷ್ಟ ಅಂತ. ಸುಮ್ನೆ ಬಿದ್ದಿರುವುದಿಲ್ಲ. ಎನ್‌ಎನ್‌ಟಿಪಿಲಿಬ್ ನೋಡಿ, ಅದು ಯೂಸ್‌ನೆಟ್ (ಹಳೇ ಇಂಟರ್‌ನೆಟ್ ಚರ್ಚಾ ಗುಂಪುಗಳು) ನ್ಯೂಸ್ ಸರ್ವರ್ ಜೊತೆ ಮಾತಾಡುವ ಮಾಡ್ಯೂಲ್. ಪೈಥಾನ್‌ನಲ್ಲಿ ಕ್ಲಯಂಟ್ ಕಡೆಯದ್ದು ಮಾತ್ರ ಇದ್ದದ್ದು, ಹಾಗಾಗಿ ಟೆಸ್ಟ್ ಮಾಡ್ಬೇಕಿದ್ರೆ ಹೊರಗಿನ ಯಾವುದೋ ನ್ಯೂಸ್ ಸರ್ವರಿಗೆ ಕನೆಕ್ಟ್ ಆಗ್ಬೇಕು, ಆ ಸರ್ವರ್ ಒಮ್ಮೆ ಡೌನ್, ಒಮ್ಮೆ ನಿಧಾನ, ಒಮ್ಮೆ ಐಪಿವಿ6ರಲ್ಲಿ ಸರಿ ಕೆಲಸ ಮಾಡುವುದಿಲ್ಲ, ಟೆಸ್ಟ್ ಫೇಲ್ ಆದ್ರೆ ಬೇರೆ ಯಾವುದೋ ವಿಷಯಕ್ಕೆ ಪ್ಯಾಚ್ ಕಳಿಸಿದವ ಕಾಯ್ಬೇಕು, ಯಾಕೆ ಫೇಲ್ ಆಯ್ತು ಅಂತ ಒಬ್ರು ಕೂತು ನೋಡ್ಬೇಕು. ಹಾಗೆ ಕೂರುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು, ಮನೆ ಕೆಲಸ, ಆಫೀಸು ಕೆಲಸ ಮುಗಿಸಿ ರಾತ್ರಿ ಕೂರುವವರು. ಇದನ್ನು ನಾನು ಕಟ್ಟಿ ಹೇಳ್ತಾ ಇಲ್ಲ, ಪೆಪ್ 594ರಲ್ಲೇ ಆ ಮಾಡ್ಯೂಲಿನ ಟೆಸ್ಟ್‌ಗಳಿಂದ ಹೆಚ್ಚುವರಿ ಕೆಲಸ ಆಯ್ತು ಅಂತ ಬರ್ದಿದ್ದಾರೆ.

ಇನ್ನು ಸಿಜಿಐ, ವೆಬ್ ಪುಟ ತಯಾರಿಸುವ ಹಳೇ ರೀತಿ. ಪ್ರತಿ ರಿಕ್ವೆಸ್ಟಿಗೂ ಒಂದು ಹೊಸ ಪ್ರೋಸೆಸ್ ಶುರು ಮಾಡುವ ಕಾಲದ್ದು. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ (ಪೈಥಾನ್ ಜೊತೆಗೇ ಬರುವ ಮಾಡ್ಯೂಲ್‌ಗಳ ಗುಂಪು) ಇದ್ದಷ್ಟು ದಿನ ಹೊಸಬರು ವೆಬ್ ಕಲೀಲಿಕ್ಕೆ ಇದೇ ದಾರಿ ಅಂತ ತಿಳ್ಕೊಳ್ತಾರೆ, ಯಾಕಂದ್ರೆ ಪೈಥಾನೇ ಕೊಟ್ಟದ್ದು ಅಲ್ವಾ. ಕ್ರಿಪ್ಟ್ ಮಾಡ್ಯೂಲಿಗೂ ಅದೇ ಕಥೆ, ಆಯಾ ಸಿಸ್ಟಮಿನ ಲೈಬ್ರರಿ ಮೇಲೆ ನಿಂತದ್ದು, ವಿಂಡೋಸಲ್ಲಿ ಇಲ್ಲವೇ ಇಲ್ಲ, ಪಾಸ್‌ವರ್ಡಿಗೆ ಈಗ ಅದನ್ನು ಬಳಸಿ ಅಂತ ಯಾರೂ ಹೇಳುವುದಿಲ್ಲ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇರುವುದು ಅಂದ್ರೆ ಇದನ್ನು ನಂಬಬಹುದು ಅಂತ ಒಂದು ಮಾತು ಕೊಟ್ಟ ಹಾಗೆ. ಕೊಟ್ಟ ಮಾತು ಉಳಿಸ್ಲಿಕ್ಕೆ ಜನ ಇಲ್ಲದಿದ್ರೆ ಹಿಂದೆ ತೆಗೀಬೇಕು, ಅದೇ ಪ್ರಾಮಾಣಿಕತೆ.

ಇನ್ನೊಂದು ವಿಷಯ, ತೆಗೆದದ್ದು ಅಂದ್ರೆ ಪ್ರಪಂಚದಿಂದಲೇ ಹೋದದ್ದಲ್ಲ. ಪೈಪಿಐಯಲ್ಲಿ (ಪೈಥಾನ್ ಪ್ಯಾಕೇಜುಗಳ ಆನ್‌ಲೈನ್ ಭಂಡಾರ) ಲೆಗಸಿ-ಸಿಜಿಐ ಉಂಟು, ಸ್ಟ್ಯಾಂಡರ್ಡ್-ಟೆಲ್‌ನೆಟ್‌ಲಿಬ್ ಉಂಟು. ಪಿಪ್ ಕಮಾಂಡಿಂದ ಅದನ್ನು ಇನ್‌ಸ್ಟಾಲ್ ಮಾಡಿದ್ರೆ ಹಳೇ ಇಂಪೋರ್ಟ್ ಸಾಲು ಹಾಗೇ ನಡೀತದೆ.

ಕುಂಬಳೆ ಐಟಿ ಮೇಷ್ಟ್ರು

ಒಳ್ಳೇ ಚರ್ಚೆ. ನಾನು ಹೈಸ್ಕೂಲಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಾಠ ಮಾಡುವವ. ಕೇರಳದ ಪಠ್ಯದಲ್ಲಿ ಪೈಥಾನ್ ಇರುವುದು ನಿಮಗೆಲ್ಲ ಗೊತ್ತುಂಟು. ಇಲ್ಲಿ ಯಾರೂ ಹೇಳದ ಒಂದು ಕಷ್ಟ ಹೇಳ್ತೇನೆ.

ಇಂಗ್ಲಿಷಲ್ಲಿ ಕಲಿಯುವ ಮಗುವಿಗೆ ಒಂದು ಉದಾಹರಣೆ ಹಳತಾದ್ರೆ ಸರ್ಚ್ ಮಾಡಿದ ಕೂಡ್ಲೇ ಹೊಸತು ಸಿಗ್ತದೆ. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಬರ್ದದ್ದೇ ಕಮ್ಮಿ, ಯಾರೋ ಪುಣ್ಯಾತ್ಮರು ಹತ್ತು ವರ್ಷ ಹಿಂದೆ ಬರೆದ ನೋಟ್ಸು ಈಗ್ಲೂ ಕೈಯಿಂದ ಕೈಗೆ ಹೋಗ್ತಾ ಉಂಟು, ಪಿಡಿಎಫ್ ಆಗಿ, ಜೆರಾಕ್ಸ್ ಆಗಿ. ಅದರಲ್ಲಿ ಪ್ರಿಂಟಿಗೆ ಬ್ರಾಕೆಟ್ ಇಲ್ಲದ ಪೈಥಾನ್ 2ರ ಕೋಡ್ ಉಂಟು, ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020 ಜನವರಿ 1ಕ್ಕೆ. ಕಲೆಕ್ಷನ್ಸ್‌ನಿಂದ ನೇರ ಮ್ಯಾಪಿಂಗ್ ತರಿಸುವ ಸಾಲು ಉಂಟು, ಅದು 3.10ರಿಂದ ನಡೆಯುವುದಿಲ್ಲ. ಇಂಪ್ ಮಾಡ್ಯೂಲ್ ಉಂಟು, ಅದು 3.12ರಲ್ಲಿ ಹೋಯ್ತು. ಮಗು ಅದನ್ನು ಅಕ್ಷರಕ್ಕೆ ಅಕ್ಷರ ನೋಡಿ ಟೈಪ್ ಮಾಡ್ತದೆ, ಕೆಂಪು ಎರರ್ ಬರ್ತದೆ, ನಂದೇ ಏನೋ ತಪ್ಪಾಯ್ತು ಸರ್ ಅಂತ ಮುಖ ಸಣ್ಣ ಮಾಡ್ಕೊಂಡು ಬರ್ತದೆ. ನೋಟ್ಸು ಬರೆದಾಗ ಅದು ಸರಿಯೇ ಇತ್ತು, ಮಗು ಟೈಪ್ ಮಾಡಿದ್ದೂ ಸರಿಯೇ. ಆ ಎರರ್ ಮೆಸೇಜಲ್ಲಿ ಮಾಡ್ಯೂಲ್ ಇಲ್ಲ ಅಂತ ಮಾತ್ರ ಉಂಟೇ ಹೊರತು, ಇದು ಮೊದಲು ಇತ್ತು, ಇಂಥ ವರ್ಷನ್‌ನಲ್ಲಿ ತೆಗೆದಿದ್ದೇವೆ, ಬದಲಿಗೆ ಇದನ್ನು ಬಳಸು ಅಂತ ಒಂದು ಸಾಲು ಇದ್ದಿದ್ರೆ ಎಷ್ಟು ಉಪಕಾರ ಆಗ್ತಿತ್ತು. ಹತ್ತೊಂಬತ್ತು ಹೆಸರು ನೆನಪಿಟ್ಟು ಒಂದು ಸಾಲು ಜಾಸ್ತಿ ತೋರಿಸ್ಲಿಕ್ಕೆ ಇಂಟರ್‌ಪ್ರಿಟರಿಗೆ ಅಷ್ಟು ಕಷ್ಟವಾ?

ಆದ್ರೆ ಒಂದು ಒಳ್ಳೇದನ್ನೂ ಹೇಳ್ಬೇಕು. ಅದೇ ಪೆಪ್‌ನಲ್ಲಿ ವೇವ್ ಮಾಡ್ಯೂಲಿನ ಬಗ್ಗೆಯೂ ವಿಚಾರ ಮಾಡಿದ್ರು, ಕೊನೆಗೆ ಉಳಿಸಿದ್ರು. ಕಾರಣ ಎಂತ ಗೊತ್ತುಂಟಾ, ಮಕ್ಕಳಿಗೆ ಕಂಪ್ಯೂಟರಿಂದ ಸೌಂಡ್ ಮಾಡಿಸಿ ಕಲಿಸ್ಲಿಕ್ಕೆ ಚೆನ್ನಾಗಿ ಉಪಯೋಗ ಆಗ್ತದೆ ಅಂತ. ಆ ಭಾಗ ಓದುವಾಗ ನಂಗೆ ಖುಷಿ ಆಯ್ತು. ತೀರ್ಮಾನ ಮಾಡುವವರ ತಲೆಯಲ್ಲಿ ಕಲಿಯುವ ಮಕ್ಕಳೂ ಇದ್ರು ಅಂತ ಆಯ್ತಲ್ಲ.

ತೆಂಕುತಿಟ್ಟು ಆಡಿಯೋ

ಮಧ್ಯೆ ಬರ್ತಿದ್ದೇನೆ ಕ್ಷಮಿಸಿ, ನಂದೂ ಇದೇ ಸಮಸ್ಯೆ ಇರ್ಬೇಕು ಅಂತ ಈಗ ಡೌಟ್ ಬಂತು. ನಾವು ನಾಲ್ಕು ಜನ ಸೇರಿ ಹಳೇ ಯಕ್ಷಗಾನ ಬಯಲಾಟ, ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡ್ತಾ ಇದ್ದೇವೆ. ಇಡೀ ರಾತ್ರಿಯ ರೆಕಾರ್ಡಿಂಗ್, ಮೌನ ಇರುವಲ್ಲಿ ತುಂಡು ಮಾಡಿ ಪದ ಪದ ಬೇರೆ ಮಾಡ್ಲಿಕ್ಕೆ ಪೈಡಬ್ ಅನ್ನುವ ಪೈಥಾನ್ ಪ್ಯಾಕೇಜ್ ಬಳಸುವುದು. ಹೊಸ ಲ್ಯಾಪ್‌ಟಾಪಲ್ಲಿ 3.13 ಹಾಕಿದ್ಮೇಲೆ ಪೈಆಡಿಯೋಆಪ್ ಇಲ್ಲ ಅಂತ ಬರ್ತಾ ಉಂಟು, ಆ ಹೆಸರಲ್ಲಿ ಎಲ್ಲಿ ಹುಡುಕಿದ್ರೂ ಸರಿಯಾದ್ದು ಸಿಗುವುದಿಲ್ಲ. ಆಡಿಯೋಆಪ್ ಅಂತ ಮೇಲಿನ ಪಟ್ಟಿಯಲ್ಲಿ ನೋಡಿದೆ, ಅದೂ ಇದೂ ಒಂದೇಯಾ?

ಮಂಜೇಶ್ವರ ಟು ಬೆಂಗಳೂರು

ಹೌದು ಅದೇ. ಪೈಡಬ್ ಮೊದಲು ಆಡಿಯೋಆಪ್ ಕೇಳ್ತದೆ, ಅದು ಸಿಗದಿದ್ರೆ ಪೈಆಡಿಯೋಆಪ್ ಕೇಳ್ತದೆ, ಎರಡೂ ಇಲ್ಲದಿದ್ರೆ ಕೊನೇದರ ಹೆಸರು ಎರರಲ್ಲಿ ಬರುವುದು, ಅದಕ್ಕೇ ಜನ ತಪ್ಪು ಹೆಸರು ಹುಡುಕ್ತಾ ಸುತ್ತುವುದು. ಪಿಪ್‌ನಲ್ಲಿ ಆಡಿಯೋಆಪ್-ಎಲ್‌ಟಿಎಸ್ ಅಂತ ಹಾಕಿ, 3.13ಕ್ಕೆ ಅಂತಲೇ ಮಾಡಿದ್ದು. ಇದು ಸಿ ಭಾಷೆಯಲ್ಲಿ ಬರೆದ ಮಾಡ್ಯೂಲ್, ನೀರ್ಚಾಲಿನವರು ಮಾಡಿದ ಹಾಗೆ ಫೈಲ್ ಕಾಪಿ ಮಾಡಿದ್ರೆ ಆಗುವುದಿಲ್ಲ.

ತೆಂಕುತಿಟ್ಟು ಆಡಿಯೋ

ಆಯ್ತು ಆಯ್ತು, ಓಡ್ತಾ ಉಂಟು! ಭಾರಿ ಉಪಕಾರ ಮಾರಾಯ್ರೇ. ಇಷ್ಟು ದಿನ ಹಳೇ ಕಂಪ್ಯೂಟರಲ್ಲೇ ಕೂತು ಮಾಡ್ತಿದ್ವಿ.

ಉಪ್ಪಳ ಪಿಎಚ್‌ಪಿ

ನಾನು ಪೈಥಾನಿನವ ಅಲ್ಲ, ಸೊಸೈಟಿ, ಆಡಿಟೋರಿಯಂ ಬುಕಿಂಗು, ಅಂಗಡಿ ಬಿಲ್ಲಿಂಗು ಅಂತ ಪಿಎಚ್‌ಪಿಯಲ್ಲಿ ಸಾಫ್ಟ್‌ವೇರ್ ಮಾಡಿ ಕೊಡುವವ. ಈ ಜಗಳ ನಮ್ಮಲ್ಲಿ ಯಾವಾಗ್ಲೋ ಆಗಿ ಹೋಗಿದೆ, ಅದರ ಅನುಭವ ಹೇಳ್ತೇನೆ, ಎರಡೂ ಕಡೆಗೆ ಆಗ್ತದೆ.

ಡೇಟಾಬೇಸ್ ಕೇಳ್ಲಿಕ್ಕೆ ಮೈಎಸ್‌ಕ್ಯುಎಲ್ ಅಂಡರ್‌ಸ್ಕೋರ್ ಕ್ವೆರಿ ಅಂತ ಫಂಕ್ಷನ್ ಇತ್ತಲ್ಲ, ಆ ಇಡೀ ಗುಂಪನ್ನು ಪಿಎಚ್‌ಪಿ 5.5ರಲ್ಲಿ ಡೆಪ್ರಿಕೇಟ್ ಮಾಡಿ 2015ರ ಕೊನೆಗೆ ಬಂದ 7.0ರಲ್ಲಿ ತೆಗೆದ್ರು. ಆಗ ಎಲ್ರೂ ಬೊಬ್ಬೆ ಹಾಕಿದ್ರು. ಆದ್ರೆ ಈಗ ನೋಡಿದ್ರೆ ಅದರಿಂದ ಆದ ಒಳ್ಳೇದು ದೊಡ್ಡದು. ಹಳೇದ್ರಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಎಸ್‌ಕ್ಯುಎಲ್ ಸಾಲನ್ನೂ ಮಾಹಿತಿಯನ್ನೂ ಬೇರೆ ಬೇರೆ ಕಳಿಸುವುದು) ಇರ್ಲಿಲ್ಲ, ಜನ ಫಾರ್ಮಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಎಸ್‌ಕ್ಯುಎಲ್ ಸಾಲಿಗೆ ಅಂಟಿಸ್ತಿದ್ರು, ಯಾರು ಬೇಕಾದ್ರೂ ಒಳಗೆ ನುಗ್ಗಬಹುದಿತ್ತು. ಅದು ಇರುವ ಪಿಡಿಒ ಅನ್ನುವುದಕ್ಕೆ ಬದಲಾಯಿಸ್ಲೇ ಬೇಕು ಅಂತ ಆದಾಗ ಎಷ್ಟೋ ಸೈಟುಗಳು ಮೊದಲ ಸಲ ಸರಿಯಾದವು. ವಾರ್ನಿಂಗ್ ಮಾತ್ರ ಕೊಡ್ತಾ ಕೂತಿದ್ರೆ ಇವತ್ತಿಗೂ ಬದಲಾಯಿಸ್ತಿರ್ಲಿಲ್ಲ, ಗಿರಾಕಿ ದುಡ್ಡು ಕೊಡುವುದು ಕೆಲಸ ನಿಂತಾಗ ಮಾತ್ರ, ನಡೀತಾ ಇರುವಾಗ ಯಾರು ಕೊಡ್ತಾರೆ.

ಇನ್ನೊಂದು ಕಡೆ, ಬದಲಾಯಿಸ್ಲಿಕ್ಕೆ ಆಗದವರು 5.6ರಲ್ಲೇ ಕೂತ್ರು. ಅದರ ಸೆಕ್ಯುರಿಟಿ ಅಪ್‌ಡೇಟ್ 2018ರ ಕೊನೆಗೆ ನಿಂತಿದೆ, ಸರ್ವರ್ ಮಾತ್ರ ಈಗ್ಲೂ ಓಡುವುದುಂಟು, ನಂಗೆ ಬರುವ ಹಳೇ ಕೆಲಸಗಳಲ್ಲಿ ಕಾಣ್ತೇನೆ. ತೆಗೆದದ್ದರಿಂದ ಕೆಲವರು ಮುಂದೆ ಹೋದ್ರು, ಕೆಲವರು ಹಳೇ ವರ್ಷನ್‌ಗೇ ಅಂಟಿದ್ರು, ಅಂಟಿದವರ ಗತಿ ಮೊದಲಿಗಿಂತ ಕೆಟ್ಟದಾಯ್ತು.

ಗೋ ಭಾಷೆಯವರು ಹೀಗೆ ಮಾಡುವುದೇ ಇಲ್ಲ ನೋಡಿ. ಹಳೇ ಕೋಡ್ ಮುರಿಯುವುದಿಲ್ಲ ಅಂತ 2012ರಲ್ಲಿ ಗೋ 1 ಬಂದಾಗ ಕೊಟ್ಟ ಮಾತು, ಐಒಯುಟಿಲ್ ಅನ್ನುವ ಪ್ಯಾಕೇಜ್ 1.16ರಲ್ಲೇ ಡೆಪ್ರಿಕೇಟ್ ಆದ್ರೂ ಇವತ್ತಿಗೂ ಕಂಪೈಲ್ ಆಗ್ತದೆ. ಸಿ ಭಾಷೆಯವರು ತೆಗೆದಿದ್ದಾರೆ, ಗೆಟ್ಸ್ ಫಂಕ್ಷನ್ ಸಿ11ರಲ್ಲಿ ಹೋಯ್ತು, 1988ರ ಮಾರಿಸ್ ವರ್ಮ್ (ಇಂಟರ್‌ನೆಟ್‌ನಲ್ಲಿ ತನ್ನಷ್ಟಕ್ಕೇ ಹರಡಿದ ಹಾನಿಕಾರಕ ಪ್ರೋಗ್ರಾಮ್) ನುಗ್ಗಿದ ದಾರಿಗಳಲ್ಲಿ ಅದೂ ಒಂದು, ಹೋಗ್ಲೇ ಬೇಕಿತ್ತು, ಹೋಗ್ಲಿಕ್ಕೆ ಇಪ್ಪತ್ಮೂರು ವರ್ಷ ಬೇಕಾಯ್ತು.

ನೀರ್ಚಾಲು ಕೇಬಲ್

ಉಪ್ಪಳದವರ ಮಾತು ಓದಿದ್ಮೇಲೆ ನಂಗೆ ನನ್ನ ವಿಚಾರ ಇನ್ನೂ ಸ್ಪಷ್ಟ ಆಯ್ತು. ತೆಗೆಯುವ ವಸ್ತುಗಳೆಲ್ಲ ಒಂದೇ ಜಾತಿಯವಲ್ಲ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡುವುದ್ರಿಂದ ಗೊಂದಲ ಆಗುವುದು.

ಗೆಟ್ಸ್, ಆ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳು, ಇವು ಅಪಾಯ. ತೆಗೀಲಿ, ಬೇಗ ತೆಗೀಲಿ, ನಾನು ಬೈಯುವುದಿಲ್ಲ. ಎನ್‌ಎನ್‌ಟಿಪಿಲಿಬ್, ಟೆಲ್‌ನೆಟ್‌ಲಿಬ್, ಇವು ನೋಡ್ಕೊಳ್ಳುವವರಿಗೆ ಭಾರ. ಭಾರ ಹೊರುವವರು ನಾವಲ್ಲ, ಹಾಗಾಗಿ ಅವರು ಇಳಿಸ್ತೇವೆ ಅಂದ್ರೆ ಬೇಡ ಅನ್ಲಿಕ್ಕೆ ನಂಗೆ ಹಕ್ಕಿಲ್ಲ, ಒಪ್ತೇನೆ.

ಆದ್ರೆ ಬರೀ ಹೆಸರುಗಳು ಉಂಟಲ್ಲ. ಕೋಡ್ ಪರೀಕ್ಷೆ ಮಾಡುವ ಯುನಿಟ್‌ಟೆಸ್ಟ್ ಮಾಡ್ಯೂಲಲ್ಲಿ ಅಸರ್ಟ್‌ಈಕ್ವಲ್ಸ್ ಅಂತ ಕೊನೆಗೆ ಎಸ್ ಇರುವ ಹೆಸರು ಇತ್ತು, ಎಸ್ ಇಲ್ಲದ ಹೆಸರಿಗೆ ಇನ್ನೊಂದು ಹೆಸರು ಅಷ್ಟೆ, ಅದಕ್ಕೆ ಬೇರೆ ಕೋಡೇ ಇಲ್ಲ. ಅದನ್ನು 3.11ರ ಹೊತ್ತಿಗೆ ತೆಗೀಲಿಕ್ಕೆ ಹೊರಟು, ತುಂಬಾ ಪ್ರಾಜೆಕ್ಟುಗಳು ಮುರೀತವೆ ಅಂತ ವಾಪಸ್ ಹಾಕಿ, 3.12ರಲ್ಲಿ ಕೊನೆಗೂ ತೆಗೆದ್ರು. ಮೇಷ್ಟ್ರು ಹೇಳಿದ ಕಲೆಕ್ಷನ್ಸ್ ವಿಷಯವೂ ಅದೇ, 2012ರ 3.3ರಿಂದ ಡೆಪ್ರಿಕೇಟ್, 3.9ರಲ್ಲಿ ತೆಗೀಬೇಕು ಅಂತ ಇದ್ದದ್ದು ಮುಂದೆ ಹೋಗಿ 2021ರ 3.10ರಲ್ಲಿ ತೆಗೆದದ್ದು. ಅದನ್ನು ಇಟ್ಕೊಂಡಿದ್ರೆ ಯಾರಿಗೆ ಏನು ಖರ್ಚು? ಯಾವ ಟೆಸ್ಟ್ ಫೇಲ್ ಆಗ್ತಿತ್ತು? ಚಂದ ಕಾಣ್ಲಿ ಅಂತ ಸಾವಿರಾರು ಜನರ ಕೋಡ್ ಮುರಿಯುವುದು ನಂಗೆ ಒಪ್ಪಿಗೆ ಇಲ್ಲ. ಅಲ್ಲೊಂದು ಸಾಲು ಕಮ್ಮಿ ಆಗ್ತದೆ, ಇಲ್ಲಿ ಒಬ್ಬೊಬ್ಬನೂ ಕೂತು ತಿದ್ದಬೇಕಾಗ್ತದೆ. ಆಪ್ಟ್‌ಪಾರ್ಸ್ ಮಾಡ್ಯೂಲ್ ನೋಡಿ, 3.2ರಲ್ಲೇ ಡೆಪ್ರಿಕೇಟ್ ಅಂದ್ರು, ಇವತ್ತಿಗೂ ಅಲ್ಲೇ ಉಂಟು, ಯಾರಿಗೂ ಏನೂ ಆಗ್ಲಿಲ್ಲ.

ಮಂಜೇಶ್ವರ ಟು ಬೆಂಗಳೂರು

ಹೆಸರುಗಳ ವಿಷಯದಲ್ಲಿ ನಿಮ್ಮ ಜೊತೆ ನಾನೂ ಮುಕ್ಕಾಲು ಭಾಗ ಒಪ್ತೇನೆ ಅಣ್ಣ. ಉಳಿದ ಕಾಲು ಭಾಗ ಎಂತ ಅಂದ್ರೆ, ಒಂದು ಕೆಲಸಕ್ಕೆ ಎರಡು ಹೆಸರು ಇದ್ದಾಗ ಹೊಸಬರು ಎರಡಕ್ಕೂ ವ್ಯತ್ಯಾಸ ಎಂತ ಅಂತ ತಲೆ ಕೆಡಿಸ್ಕೊಳ್ತಾರೆ, ಮೇಷ್ಟ್ರಿಗೆ ಇದು ಗೊತ್ತಿರ್ತದೆ. ಆದ್ರೆ ಅದಕ್ಕೆ ಡಾಕ್ಯುಮೆಂಟಿಂದ ತೆಗೆದ್ರೆ ಸಾಕಿತ್ತು, ಕೋಡಿಂದ ತೆಗೀಬೇಕಾಗಿರ್ಲಿಲ್ಲ.

ಅವರೂ ಇದನ್ನೆಲ್ಲ ಕೇಳಿ ಬದಲಾಗ್ತಾ ಇದ್ದಾರೆ. ಪೆಪ್ 387 ಅಂತ ಹಿಂದಿನ ಕೋಡ್ ಮುರಿಯದ ಹಾಗೆ ನೋಡ್ಕೊಳ್ಳುವ ನಿಯಮ ಉಂಟು. ಕಮ್ಮಿ ಅಂದ್ರೆ ಎರಡು ವರ್ಷನ್ ವಾರ್ನಿಂಗ್ ಕೊಡ್ಬೇಕು, ಆದ್ರೆ ಐದು ವರ್ಷ ಕೊಡುವುದು ಒಳ್ಳೇದು ಅಂತ ಈಗ ಅದರಲ್ಲಿ ಉಂಟು. ಸಾಫ್ಟ್ ಡೆಪ್ರಿಕೇಶನ್ ಅಂತಲೂ ಸೇರಿಸಿದ್ದಾರೆ, ಹೊಸ ಕೋಡಲ್ಲಿ ಬಳಸ್ಬೇಡಿ, ಆದ್ರೆ ತೆಗೆಯುವ ಯೋಚನೆ ಇಲ್ಲ, ವಾರ್ನಿಂಗೂ ಬರುವುದಿಲ್ಲ ಅಂತ.

ವಾರ್ನಿಂಗ್ ಅಡಗಿಸಿದ್ದು ಯಾಕೆ ಅಂತಲೂ ಹೇಳ್ಬೇಕು. 2.7 ಮತ್ತು 3.2ರಿಂದ ಹಾಗೆ ಮಾಡಿದ್ದು. ಅದಕ್ಕೆ ಮೊದಲು ಎಲ್ರಿಗೂ ಕಾಣ್ತಿತ್ತು, ಸಾಫ್ಟ್‌ವೇರ್ ಬಳಸುವ ಸಾಮಾನ್ಯ ಜನ ಅದನ್ನು ನೋಡಿ ಹೆದರ್ತಿದ್ರು, ಅವರಿಗೆ ಸರಿ ಮಾಡ್ಲಿಕ್ಕೂ ಬರುವುದಿಲ್ಲ, ಸುಮ್ನೆ ತಲೆಬಿಸಿ. ಡೆವಲಪರ್ ಟೆಸ್ಟ್ ಓಡಿಸುವಾಗ ಕಂಡ್ರೆ ಸಾಕು ಅಂತ ಅವರ ಲೆಕ್ಕ, ಟೆಸ್ಟ್ ಓಡಿಸುವ ಪೈಟೆಸ್ಟಲ್ಲಿ ಈಗ್ಲೂ ಕಾಣ್ತದೆ.

ನೀರ್ಚಾಲು ಕೇಬಲ್

ಅಲ್ಲೇ ಅಣ್ಣ ಎಡವಟ್ಟು ಇರುವುದು. ಟೆಸ್ಟ್ ಬರೆಯುವ ಡೆವಲಪರ್ ಒಬ್ಬ ಇದ್ದೇ ಇರ್ತಾನೆ ಅಂತ ಆ ಲೆಕ್ಕ. ನಮ್ಮ ಹಾಗಿನ ಆಫೀಸುಗಳಲ್ಲಿ ಬರೆದವ ಗಲ್ಫಿಗೆ ಹೋಗಿರ್ತಾನೆ, ಸ್ಕ್ರಿಪ್ಟ್ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತನ್ನಷ್ಟಕ್ಕೇ ಓಡಿಸುವ ವ್ಯವಸ್ಥೆ) ಓಡ್ತಾ ಇರ್ತದೆ, ಔಟ್‌ಪುಟ್ ಎಲ್ಲ ಡೆವ್ ನಲ್‌ಗೆ, ಅಂದ್ರೆ ಯಾರೂ ನೋಡದ ಕಸದ ಗುಂಡಿಗೆ, ಹೋಗ್ತಾ ಇರ್ತದೆ. ಕ್ಯಾಸೆಟ್ ಡಿಜಿಟಲ್ ಮಾಡುವವರು ಟೆಸ್ಟ್ ಬರೀತಾರಾ? ಮಕ್ಕಳು ಬರೀತಾರಾ? ಪೈಥಾನ್ ಬರೆಯುವವರಲ್ಲಿ ನಮ್ಮಂಥವರೂ ತುಂಬ ಜನ ಇದ್ದೇವೆ, ಕೆಲಸಕ್ಕೆ ಬೇಕಷ್ಟು ಬರೆದು ಮುಂದೆ ಹೋಗುವವರು. ತೆಗೀಬೇಕು ಅಂತ ವರ್ಷನ್ ನಂಬರ್ ಸಮೇತ ತೀರ್ಮಾನ ಆದ ಮೇಲಾದ್ರೂ, ಕೊನೇ ಒಂದು ವರ್ಷನ್‌ನಲ್ಲಿ ವಾರ್ನಿಂಗ್ ಎಲ್ರಿಗೂ ಕಾಣುವ ಹಾಗೆ ಮಾಡ್ಲಿ. ಹೆದರಿದ್ರೆ ಹೆದರ್ಲಿ, ಹೆದರಿದವ ಯಾರನ್ನಾದ್ರೂ ಕೇಳ್ತಾನೆ. ನಂಗೆ ಬೇಕಾದ್ದು ಇಷ್ಟೇ.

ಡೆಬಿಯನ್ ಬಳಸುವವರಿಗೆ ಇನ್ನೊಂದು ಪೆಟ್ಟು ಉಂಟು, ಇದನ್ನು ನೋಡಿ. 12ರಲ್ಲಿ ಇರುವುದು ಪೈಥಾನ್ 3.11, 13ರಲ್ಲಿ ಇರುವುದು 3.13. ನಡುವಿನ 3.12ನ್ನು ನಾವು ನೋಡುವುದೇ ಇಲ್ಲ. ಡಿಸ್ಟ್‌ಯುಟಿಲ್ಸ್, ಇಂಪ್, ಏಸಿಂಕೋರ್, ಎಸ್‌ಎಂಟಿಪಿಡಿ ಹೋದದ್ದು 3.12ರಲ್ಲಿ, ಈ 19 ಹೋದದ್ದು 3.13ರಲ್ಲಿ, ನಮಗೆ ಎರಡೂ ಒಂದೇ ದಿನ ಬಿದ್ದವು. ಡೆಬಿಯನ್ ಆಧಾರದ ಸಿಸ್ಟಮ್ ಓಡುವ ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಕೊಂಡವರಿಗೂ ಇದೇ ಆಗುವುದು.

ಉಪ್ಪಳ ಪಿಎಚ್‌ಪಿ

ಇದು ಒಳ್ಳೇ ಪಾಯಿಂಟ್. ಎರಡು ವರ್ಷನ್ ಎಚ್ಚರಿಕೆ ಅಂತ ನಿಯಮ ಮಾಡಿದವರು ಜನ ವರ್ಷ ವರ್ಷ ಅಪ್‌ಡೇಟ್ ಮಾಡ್ತಾರೆ ಅಂತ ತಿಳ್ಕೊಂಡಿದ್ದಾರೆ, ಡೆಬಿಯನ್ ಹಾಗಿನ ಲಿನಕ್ಸ್ ಡಿಸ್ಟ್ರೋ ನಂಬಿ ಕೂತವರಿಗೆ ಎರಡು ವರ್ಷನ್ ಅಂದ್ರೆ ಒಂದೇ ನೆಗೆತ.

ಕುಂಬಳೆ ಐಟಿ ಮೇಷ್ಟ್ರು

ಹಾಗಾದ್ರೆ ಅಪ್‌ಗ್ರೇಡ್ ಮಾಡುವ ಮೊದಲು ಗೊತ್ತು ಮಾಡ್ಲಿಕ್ಕೆ ಸುಲಭದ ದಾರಿ ಯಾವುದು? ಮಕ್ಕಳಿಗೆ ಹೇಳಿ ಕೊಡ್ಬಹುದಾದ್ದು ಬೇಕು. ಮತ್ತೆ, ಲಿಟಲ್ ಕೈಟ್ಸ್ (ಶಾಲೆಯ ಐಟಿ ಕ್ಲಬ್) ಮಕ್ಕಳ ಹತ್ರ ಒಂದು ಕನ್ನಡ ಪಟ್ಟಿ ಮಾಡಿಸ್ಬೇಕು ಅಂತ ಇದ್ದೇನೆ, ಯಾವುದು ಹೋಯ್ತು, ಬದಲಿಗೆ ಯಾವುದು ಅಂತ. ನೀವೆಲ್ಲ ಸೇರಿಸಿ ಕೊಟ್ರೆ ಆಗ್ತದೆ.

ಮಂಜೇಶ್ವರ ಟು ಬೆಂಗಳೂರು

ಮೇಷ್ಟ್ರೇ, ಪೈಥಾನ್ ಓಡಿಸುವಾಗ ಒಂದು ಮೈನಸ್ ಹಾಕಿ ಕ್ಯಾಪಿಟಲ್ ಎಕ್ಸ್, ಸ್ಪೇಸ್ ಕೊಟ್ಟು ಡೆವ್ ಅಂತ ಸೇರಿಸಿ ಓಡಿಸಿ, ಅಡಗಿದ ವಾರ್ನಿಂಗ್ ಎಲ್ಲ ಹೊರಗೆ ಬರ್ತದೆ. ಮಕ್ಕಳಿಗೆ ಇದೇ ಸಾಕು. ನೀರ್ಚಾಲಿನವರ ಹಾಗೆ ಸರ್ವರ್ ಇಟ್ಕೊಂಡವರು ಅದೇ ಥರ ಮೈನಸ್ ಕ್ಯಾಪಿಟಲ್ ಡಬ್ಲ್ಯೂ, ಸ್ಪೇಸ್ ಕೊಟ್ಟು ಎರರ್ ಅಂತ ಹಾಕಿ ಒಮ್ಮೆ ಬೇರೆ ಕಂಪ್ಯೂಟರಲ್ಲಿ ಓಡಿಸಿ ನೋಡ್ಬೇಕು, ವಾರ್ನಿಂಗ್ ಬಂದ ಕೂಡ್ಲೇ ಅಲ್ಲೇ ನಿಲ್ತದೆ, ತಪ್ಪಿಸ್ಕೊಳ್ಳುವುದಿಲ್ಲ.

ಪಟ್ಟಿಗೆ ನಂಗೆ ಗೊತ್ತಿದ್ದಷ್ಟು ಹಾಕ್ತೇನೆ. ಇಂಪ್ ಬದಲಿಗೆ ಇಂಪೋರ್ಟ್‌ಲಿಬ್. ಏಸಿಂಕೋರ್ ಬದಲಿಗೆ ಏಸಿಂಕ್‌ಐಒ. ಎಸ್‌ಎಂಟಿಪಿಡಿ ಬದಲಿಗೆ ಪೈಪಿಐಯಲ್ಲಿರುವ ಎಐಒಎಸ್‌ಎಂಟಿಪಿಡಿ. ಪೈಪ್ಸ್ ಬದಲಿಗೆ ಸಬ್‌ಪ್ರೋಸೆಸ್, ಪೈಪ್ಸಿಂದ ಕೋಟ್ ಮಾತ್ರ ತರಿಸ್ತಿದ್ದವರು ಶೆಲೆಕ್ಸಿಂದ ತರಿಸಿ. ಯುಯು ಬದಲಿಗೆ ಬೇಸ್64. ಇಮೇಜ್ ಯಾವ ಬಗೆಯದ್ದು ಅಂತ ನೋಡುವ ಐಎಂಜಿಎಚ್‌ಡಿಆರ್ ಬದಲಿಗೆ ಫೈಲ್‌ಟೈಪ್ ಇಲ್ಲವೇ ಪ್ಯೂರ್‌ಮ್ಯಾಜಿಕ್, ಎರಡೂ ಪಿಪ್‌ನಲ್ಲಿ. ಕ್ರಿಪ್ಟ್ ಬದಲಿಗೆ ಬಿಕ್ರಿಪ್ಟ್ ಅಥವಾ ಆರ್ಗನ್2. ಡಿಸ್ಟ್‌ಯುಟಿಲ್ಸ್ ದೊಡ್ಡ ಕಥೆ, ಪ್ಯಾಕೇಜ್ ಕಟ್ಟುವವರು ಸೆಟಪ್‌ಟೂಲ್ಸಿಗೆ ಹೋಗ್ಬೇಕು. ಅದರಲ್ಲಿ ಒಂದು ಜಾಗ್ರತೆ, 3.12ರಿಂದ ಹೊಸ ವೆನ್ವ್ (ಒಂದು ಪ್ರಾಜೆಕ್ಟಿಗೆ ಅಂತಲೇ ಬೇರೆ ಪೈಥಾನ್ ಜಾಗ) ಮಾಡಿದ್ರೆ ಸೆಟಪ್‌ಟೂಲ್ಸ್ ತನ್ನಷ್ಟಕ್ಕೇ ಬರುವುದಿಲ್ಲ, ನೀವೇ ಹಾಕ್ಬೇಕು. ಪಿಕೆಜಿಯುಟಿಲ್‌ನಲ್ಲಿ ಇಂಪ್‌ಇಂಪೋರ್ಟರ್ ಇಲ್ಲ ಅಂತ ಎರರ್ ಬಂದ್ರೆ ಹಳೇ ಸೆಟಪ್‌ಟೂಲ್ಸ್ ಎಲ್ಲೋ ಸಿಕ್ಕಿ ಹಾಕ್ಕೊಂಡಿದೆ ಅಂತ ಅರ್ಥ, ಅದನ್ನು ಅಪ್‌ಗ್ರೇಡ್ ಮಾಡಿ.

ನೀರ್ಚಾಲು ಕೇಬಲ್

ಟೆಲ್‌ನೆಟ್‌ಲಿಬ್ ನಾನು ಬರ್ದು ಕೊಡ್ತೇನೆ ಮೇಷ್ಟ್ರೇ, ಟೆಲ್‌ನೆಟ್‌ಲಿಬ್3 ಅಂತ ಒಂದು ಉಂಟು, ಅದು ಏಸಿಂಕ್ ಶೈಲಿಯದ್ದು, ಒಮ್ಮೆ ಪೂರ್ತಿ ಓಡಿಸಿ ನೋಡಿ ಉದಾಹರಣೆ ಸಮೇತ ಕಳಿಸ್ತೇನೆ. ಪಟ್ಟಿಯಲ್ಲಿ ಮಾಡ್ಯೂಲಿನ ಹೆಸರಿನ ಜೊತೆ ಎರರ್ ಮೆಸೇಜಲ್ಲಿ ಬರುವ ಸಾಲನ್ನೂ ಹಾಗೇ ಹಾಕಿಸಿ, ಪೈಆಡಿಯೋಆಪ್ ಅಂತ ಹುಡುಕುವವನಿಗೂ ಸಿಗ್ಬೇಕಲ್ಲ.

ತೆಂಕುತಿಟ್ಟು ಆಡಿಯೋ

ಆಡಿಯೋಆಪಿಂದು ನಂಗೆ ಬಿಡಿ, ಸ್ಕ್ರೀನ್‌ಶಾಟ್ ಇದೆ, ಇವತ್ತು ರಾತ್ರಿಯೇ ಕಳಿಸ್ತೇನೆ.